ಡಾಕ್ಟರಮ್ಮನ ತಲೆಗೆ ಕಟ್ಟಿದ ಸಾವು

ನಿಮ್ಮ ಅಮ್ಮನನ್ನು ಕೊಂದದ್ದು ಡಾಕ್ಟರಮ್ಮ ಅಲ್ಲ. ನಿಮ್ಮ ಅಪ್ಪ ಒದ್ದ. ಅವಳು ಕೂಗಿದ್ದು ಬೀದಿಗೆ ಕೇಳಬಾರದೆಂದು ನಾನು ಮಗ್ಗದ ಸ್ವಿಚ್ಚು ಹಾಕಿದೆ. ಆಮೇಲೆ ಹತ್ತಾರು ಜನರ ಮುಂದೆ, ಈ ಬಾಯಿಂದಲೇ, ಡಾಕ್ಟರಮ್ಮನ ಮೇಲೆ ಸುಳ್ಳು ಹೇಳಿದೆ.

ಸೌಮ್ಯಾ, ಮನು — ಆಗ ನಿಮ್ಮಲ್ಲಿ ಒಬ್ಬಳಿಗೆ ಐದು ವರ್ಷ, ಇನ್ನೊಬ್ಬನಿಗೆ ಎರಡು. ಅಂದಿನಿಂದ ಇಂದಿನವರೆಗೆ ನಾನು ನಿಮಗೆ ಅನ್ನದ ಜೊತೆ ಆ ಸುಳ್ಳನ್ನೂ ಕಲಸಿ ತಿನ್ನಿಸಿದ್ದೇನೆ.

ಈಗೇಕೆ ಹೇಳುತ್ತಿದ್ದೇನೆಂದರೆ, ಸೌಮ್ಯಾ, ನಿನಗೆ ಏಳು ತಿಂಗಳು ತುಂಬಿದೆ. ಕಾಲು ಬಾತಿದೆ. ಬಾಶೆಟ್ಟಿಹಳ್ಳಿಯ ನಿನ್ನ ಮನೆಗೆ ಬಂದ ಆಶಾ ಕಾರ್ಯಕರ್ತೆ ಬಿಪಿ ನೋಡಿ ಗಾಬರಿಯಾದಳಂತೆ. ಒಳ್ಳೆ ಹೆರಿಗೆ ಡಾಕ್ಟರಿಗೆ ತಕ್ಷಣ ತೋರಿಸು ಅಂದಳಂತೆ. ಹೋದ ಭಾನುವಾರ ನಾನು ಬಂದಾಗ ನಿನ್ನ ಗಂಡ ಫೋನ್ ಹಿಡಿದು ಕೂತಿದ್ದ. "ಇವ್ರಿಗೆ ನಾಲ್ಕೂವರೆ ಸ್ಟಾರ್ ಐತೆ ಅಜ್ಜಿ, ಅವ್ರಿಗೆ ಮೂರೇ" ಎಂದು ಓದುತ್ತಿದ್ದ. ನೀನು ಅವನ ಕೈಯಿಂದ ಫೋನ್ ಕಿತ್ತುಕೊಂಡು, "ಸ್ಟಾರ್ ಕೊಡೋರು ಬದುಕಿ ಬಂದೋರು ಕಣ್ರೀ. ಸತ್ತೋರು ಎಲ್ಲಿ ಕೊಡ್ತಾರೆ? ಅಮ್ಮನ್ನ ಕೊಂದಂಗೆ ನನ್ನೂ ಕೊಲ್ತಾರೆ. ನಾನು ಮನೇಲೇ ಹೆರ್ತೀನಿ, ಅಜ್ಜಿ ಅದೆಯಲ್ಲ" ಅಂದೆ. ಮನು, ನೀನು ನಕ್ಕೆ. "ಹೋಗಕ್ಕ ಸುಮ್ನೆ. ಒಂಚೂರು ಹೆಚ್ಚುಕಮ್ಮಿ ಆಗ್ಲಿ, ಅಪ್ಪ ಆವತ್ತು ಮಾಡ್ದಂಗೆ ಆಸ್ಪತ್ರೆನೇ ಎತ್ತಾಕ್ಬಿಡ್ತೀನಿ" ಅಂದೆ.

ನಾನು ಕಾಫಿ ಲೋಟ ಕೆಳಗಿಟ್ಟೆ. ಮೊಮ್ಮಗಳು ಸಾಯಲು ಹೊರಟಿದ್ದಾಳೆ, ಮೊಮ್ಮಗ ಹೊಡೆಯಲು ಹೊರಟಿದ್ದಾನೆ — ಎರಡಕ್ಕೂ ಬೀಜ ಹಾಕಿದವಳು ನಾನು.

ನಾನು ಏಳನೇ ಕ್ಲಾಸಿನವರೆಗೆ ಹಳ್ಳಿ ಶಾಲೆಯಲ್ಲಿ ಓದಿದವಳು. ಗಂಡಸರ ಎದುರು ಮಾತಾಡಿದವಳಲ್ಲ. ಮಾವನವರು ಬದುಕಿರುವವರೆಗೆ ಅವರ ಮುಂದೆ ನನ್ನ ದನಿಯೇ ಕೇಳಿರಲಿಲ್ಲ. ಊರಿನಲ್ಲಿ ನನ್ನನ್ನು ಬಾಯಿಲ್ಲದ ಹೆಂಗಸು ಅನ್ನುತ್ತಿದ್ದರು, ಹೊಗಳಿಕೆಯಾಗಿ. ಈ ಮಾತು ನೆನಪಿಡಿ. ಇದೇ ಡಾಕ್ಟರಮ್ಮನ ಕೈ ಮುರಿದದ್ದು.

ಡಾಕ್ಟರಮ್ಮನನ್ನು ಹುಡುಕಿದವಳೂ ನಾನೇ. ನಿಮ್ಮ ಅಮ್ಮ ಪದ್ಮ ಮೊದಲು ಬಸುರಾದಾಗ, ದೊಡ್ಡಬಳ್ಳಾಪುರದಲ್ಲಿ ಯಾರು ಒಳ್ಳೆಯವರೆಂದು ಸೊಪ್ಪು ಮಾರುವವರನ್ನು, ಬಳೆ ತೊಡಿಸುವವಳನ್ನು, ನಲ್ಲಿ ಹತ್ತಿರದ ಹೆಂಗಸರನ್ನು ಕೇಳಿದೆ. ಎಲ್ಲರೂ ಒಂದೇ ಹೆಸರು ಹೇಳಿದರು. ಹೆಸರು ಇಲ್ಲಿ ಬರೆಯುವುದಿಲ್ಲ, ಅವರ ಹೆಸರನ್ನು ಒಮ್ಮೆ ಕೆಡಿಸಿದ್ದೇ ಸಾಕು. ಚಿಕ್ಕ ನರ್ಸಿಂಗ್ ಹೋಮು, ಆರು ಮಂಚ. ಹೊಟ್ಟೆ ಮುಟ್ಟುವ ಮೊದಲು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. "ಏನಮ್ಮ, ಉಪ್ಪಿನಕಾಯಿ ಭರಣಿ ಖಾಲಿ ಮಾಡ್ಬಿಟ್ಟೆಯಾ?" ಎಂದು ಬೈಯುತ್ತಲೇ ನಗಿಸುತ್ತಿದ್ದರು. ಸೌಮ್ಯಾ, ನೀನು ಅಡ್ಡ ತಿರುಗಿದ್ದೆ. ನಿನ್ನನ್ನು ಉಳಿಸಿದವರು ಅವರು. ಮನು, ನೀನು ಹುಟ್ಟಿದ ಕೂಡಲೇ ಅಳಲಿಲ್ಲ. ನಿನ್ನ ಬಾಯಿಗೆ ಉಸಿರು ಊದಿದವರು ಅವರು. ಇದನ್ನು ನಾನು ನಿಮಗೆ ಒಂದು ದಿನವೂ ಹೇಳಲಿಲ್ಲ.

ಪದ್ಮ ಮೂರನೆಯ ಸಲ ಬಸುರಾದಳು. ಆ ಹೊತ್ತಿಗೆ ನಿಮ್ಮ ಅಪ್ಪನ ಕೈ ದಿನಕ್ಕೊಮ್ಮೆ ಏಳುತ್ತಿತ್ತು. ಸಾರು ತಣ್ಣಗಾದರೆ, ಮಗ್ಗದಲ್ಲಿ ಎಳೆ ಹರಿದರೆ, ಅವಳು ಉತ್ತರ ಕೊಟ್ಟರೆ, ಕೊಡದಿದ್ದರೆ. ನಿಮ್ಮ ತಾತನೂ ನನಗೆ ಹೊಡೆಯುತ್ತಿದ್ದರು. ಅವರು ಸತ್ತ ಮೇಲೆ ಆ ಕೋಲು ಮಗನ ಕೈಗೆ ಬಂತು, ಏಟು ಸೊಸೆಯ ಬೆನ್ನಿಗೆ ಹೋಯಿತು. ನನ್ನ ಬೆನ್ನು ಖಾಲಿಯಾಯಿತಲ್ಲ ಎಂದು ಒಳಗೊಳಗೇ — ಹೌದು, ಬರೆದೇ ಬಿಡುತ್ತೇನೆ — ನೆಮ್ಮದಿ ಪಟ್ಟೆ.

ಐದನೇ ತಿಂಗಳಲ್ಲಿ ತೋರಿಸಲು ಹೋದಾಗ ಡಾಕ್ಟರಮ್ಮ ಪದ್ಮಳ ರವಿಕೆ ತೋಳು ಸರಿಸಿ ನೋಡಿದರು. ಕಪ್ಪು ನೀಲಿ. ನನಗೆ ಹೊರಗೆ ಹೋಗಿ ಅಂದರು. ನಾನು ಹೋಗಲಿಲ್ಲ. "ಕೊಟ್ಟಿಗೇಲಿ ಜಾರಿ ಬಿದ್ಲು" ಅಂದೆ. ಅವರು ನನ್ನ ಮುಖವನ್ನೇ ನೋಡಿ ಹೇಳಿದರು: "ಅಮ್ಮ, ಇಬ್ಬರು ಮಕ್ಕಳನ್ನ ನಿಮ್ಮ ಕೈಗೆ ಕೊಟ್ಟಿದ್ದೀನಿ. ನನ್ನ ಹತ್ರ ಸುಳ್ಳು ಬೇಡ. ಇನ್ನೊಂದು ಏಟು ಹೊಟ್ಟೆಗೆ ಬಿದ್ರೆ ಇವಳೂ ಉಳಿಯಲ್ಲ, ಮಗೂನೂ ಉಳಿಯಲ್ಲ. ನಿಮ್ಮ ಮಗನಿಗೆ ನೀವು ಹೇಳ್ತೀರೋ, ನಾನು ಕರೆಸಿ ಹೇಳ್ಲೋ?"

ನಾನು ಮಗನಿಗೆ ಹೇಳಿದ್ದು ಬೇರೆ. ಆ ಡಾಕ್ಟರು ಸರಿಯಿಲ್ಲ, ಸಂಸಾರದೊಳಗೆ ಕೈ ಹಾಕುತ್ತಾರೆ, ಇನ್ನು ಬೇಡ ಅಂದೆ. ಪ್ರಶ್ನೆ ಕೇಳದ ಡಾಕ್ಟರು ಸಿಗಲಿ ಎಂದು ಕಾದೆ. ಹಾಗೆ ಕಾಯುತ್ತ ಎರಡು ತಿಂಗಳು ಅವಳನ್ನು ಯಾರಿಗೂ ತೋರಿಸಲಿಲ್ಲ.

ಆ ದಿನ ಬೆಳಿಗ್ಗೆ ಒಂಬತ್ತಿರಬೇಕು. ಪದ್ಮ ಬಟ್ಟೆ ಗಂಟು ಕಟ್ಟಿ, "ಹೆರಿಗೆವರ್ಗೂ ನಮ್ಮಣ್ಣನ ಮನೇಲಿ ಇರ್ತೀನಿ" ಅಂದಳು. ಅಷ್ಟೇ ಅಂದದ್ದು. ನಿಮ್ಮ ಅಪ್ಪ ಅವಳ ಜಡೆ ಹಿಡಿದು ಗೋಡೆಗೆ ಗುದ್ದಿದ. ಅವಳು ಜಾರಿ ಕೂತಳು. ಎರಡೂ ಕೈ ಹೊಟ್ಟೆಗೆ ಅಡ್ಡ ಕೊಟ್ಟಿದ್ದಳು. ಅವನು ಆ ಕೈಗಳ ಮೇಲೇ ಒದ್ದ. ಒಂದು. ಎರಡು. ಮೂರನೆಯದಕ್ಕೆ ಕೈ ಸರಿಯಿತು.

"ಅತ್ತೇ" ಎಂದು ಕೂಗಿದಳು. ಗಂಡನನ್ನು ಕೂಗಲಿಲ್ಲ, ಹೆತ್ತವಳನ್ನು ಕೂಗಲಿಲ್ಲ, ನನ್ನನ್ನು ಕೂಗಿದಳು. ನಾನು ಐದು ಹೆಜ್ಜೆ ದೂರದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಎದ್ದೆ. ಎದ್ದು ಅವಳ ಕಡೆ ಹೋಗಲಿಲ್ಲ. ಮುಂದಿನ ಶೆಡ್ಡಿಗೆ ಹೋಗಿ ಎರಡೂ ಮಗ್ಗದ ಸ್ವಿಚ್ಚು ಹಾಕಿದೆ. ನಮ್ಮ ಕಡೆ ಹಗಲೆಲ್ಲ ಮಗ್ಗದ ಸದ್ದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಲಾಳಿ ಅತ್ತಿಂದಿತ್ತ ಬಡಿಯತೊಡಗಿತು. ಅವಳ ಕೂಗು ನನಗೂ ಕೇಳಿಸದ ಹಾಗೆ ಆಯಿತು.

ರಕ್ತ ಕಂಡ ಮೇಲೆ ನಿಮ್ಮ ಅಪ್ಪ ಹಿತ್ತಲಿಗೆ ಹೋಗಿ ಕೂತ. ನಾನು ಒರೆಸಿದೆ. ಸೀರೆ ಬದಲಿಸಿದೆ. ಮತ್ತೆ ನೆನೆಯಿತು, ಮತ್ತೆ ಬದಲಿಸಿದೆ. ಜೀರಿಗೆ ಕಷಾಯ ಕುಡಿಸಿದೆ. ಆಸ್ಪತ್ರೆಗೆ ಹೋದರೆ ಕೇಳುತ್ತಾರೆ, ಕೇಳಿದರೆ ಪೊಲೀಸು, ಪೊಲೀಸಾದರೆ ಮಗ. ಲೆಕ್ಕ ಇಷ್ಟೇ ಇತ್ತು ನನ್ನ ತಲೆಯಲ್ಲಿ. ಮೂರು ಗಂಟೆ ಹೊತ್ತು ಹಾಗೇ ಕಳೆದೆ. ಮೂರು ಗಂಟೆ! ಅವಳ ಹೊಟ್ಟೆ ಕಲ್ಲಿನಂತಾಯಿತು, ತುಟಿ ಬೆಳ್ಳಗಾಯಿತು. "ಆ ಡಾಕ್ಟರಮ್ಮನತ್ರ ಕರ್ಕೊಂಡೋಗಿ ಅತ್ತೆ" ಅಂದಳು. ಆಗ ಆಟೋ ಕರೆಸಿದೆ. ನಿಮ್ಮ ಅಪ್ಪನೂ ಬಂದು ಹತ್ತಿದ.

ಡಾಕ್ಟರಮ್ಮ ಊಟ ಬಿಟ್ಟು ಎಂಜಲು ಕೈಯಲ್ಲೇ ಓಡಿ ಬಂದರು. "ಹೊಟ್ಟೆಗೆ ಏಟು ಬಿತ್ತಾ? ಎಷ್ಟು ಹೊತ್ತಾಯ್ತು?" ಅಂದರು. "ಈಗ, ಸುಮ್ನೆ ನೋವು ಬಂತು" ಅಂದೆ. ಅವರು ನಂಬಲಿಲ್ಲ. ಬಾಗಿಲು ಹಾಕಿಕೊಂಡರು. ಬೆಂಗಳೂರಿಗೆ ಕಳಿಸಲು ಹೊತ್ತಿಲ್ಲ, ರಕ್ತ ತರಿಸಿ ಎಂದು ನರ್ಸುಗಳಿಗೆ ಕೂಗುವುದು ಕೇಳಿಸುತ್ತಿತ್ತು. ಮಗು ಒಳಗೇ ಸತ್ತಿತ್ತು. ಗಂಡುಮಗು. ಪದ್ಮ ಸ್ವಲ್ಪ ಹೊತ್ತು ಉಸಿರಾಡಿದಳು. ಆಮೇಲೆ ಇಲ್ಲ.

ಆ ಹೊತ್ತಿಗೆ ಸುದ್ದಿ ತಿಳಿದು ರಾಜಘಟ್ಟದ ಕಡೆಯಿಂದ ನಿಮ್ಮ ಸೋದರಮಾವ ಶಿವಣ್ಣ, ಅವನ ದಾಯಾದಿಗಳು, ಸ್ನೇಹಿತರು ಬಂದು ನಿಂತಿದ್ದರು. ಶಿವಣ್ಣನಿಗೆ ತಂಗಿಯ ಕಷ್ಟದ ಸುಳಿವಿತ್ತು. ನಿಮ್ಮ ಅಪ್ಪನ ಕೊರಳಪಟ್ಟಿ ಹಿಡಿದು, "ಲೇ, ಏನ್ ಮಾಡ್ದೆ ನನ್ ತಂಗೀಗೆ? ಹೇಳ್ಲಾ!" ಎಂದು ಗೋಡೆಗೆ ಒತ್ತಿದ್ದ. ನಿಮ್ಮ ಅಪ್ಪನ ಕಣ್ಣು ಮೇಲೆ ಹೋಗಿತ್ತು. ಶಿವಣ್ಣ ನನ್ನ ಕಡೆ ತಿರುಗಿದ. "ಅತ್ತೆ, ನೀವು ಹೇಳಿ. ನೀವು ಸುಳ್ಳಾಡೋರಲ್ಲ. ಏನಾಯ್ತು?"

ನಾನು ಸೆರಗನ್ನು ಬಾಯಿಂದ ತೆಗೆದೆ.

"ಸೂಜಿ ಚುಚ್ಚೋವರ್ಗೂ ಮಾತಾಡ್ತಿದ್ಲಪ್ಪ. ಸೂಜಿ ಚುಚ್ಚಿದ್ಮೇಲೆ ಹೋದ್ಲು."

ಶಿವಣ್ಣನ ಕೈ ನಿಮ್ಮ ಅಪ್ಪನ ಕೊರಳನ್ನು ಬಿಟ್ಟಿತು. ಯಾರೋ ಅಂದರು: "ಬಾಯೇ ಇಲ್ದಿರೋ ಹೆಂಗ್ಸು ಬಾಯ್ಬಿಟ್ಟವ್ಳೆ ಅಂದ್ರೆ ಸುಳ್ಳಾ?"

ಮೊದಲು ಕಿಟಕಿ ಗಾಜು ಹೋಯಿತು. ಹೂವಿನ ಕುಂಡಗಳು ಔಷಧಿ ಬೀರುವಿನ ಮೇಲೆ ಬಿದ್ದವು. ಬಾಣಂತಿಯರು ಕೂಸುಗಳನ್ನು ಅವುಚಿಕೊಂಡು ಗಾಜಿನ ಮೇಲೆ ಬರಿಗಾಲಲ್ಲಿ ಓಡಿದರು. ಗ್ಲೂಕೋಸ್ ಬಾಟಲಿ ನೇತುಹಾಕುವ ಕಬ್ಬಿಣದ ಸ್ಟ್ಯಾಂಡು ಎತ್ತಿಕೊಂಡು ಒಳಗೆ ನುಗ್ಗಿದವರಲ್ಲಿ ಎಲ್ಲರಿಗಿಂತ ಮುಂದೆ ನಿಮ್ಮ ಅಪ್ಪ ಇದ್ದ. ಒಂದು ಗಳಿಗೆಯ ಹಿಂದೆ ನಡುಗುತ್ತಿದ್ದವನು. ಡಾಕ್ಟರಮ್ಮನನ್ನು ಕೂದಲು ಹಿಡಿದು ಹೊರಗೆಳೆದರು. ಅವರ ಕೋಟಿನ ಮೇಲೆ ಪದ್ಮಳ ರಕ್ತ ಇನ್ನೂ ಹಸಿಯಾಗಿತ್ತು. ಅವರು ಕೂಗಿದರು: "ಅವಳ ಹೊಟ್ಟೆಗೆ ಒದ್ದಿದ್ದಾರೆ! ಅಮ್ಮಾ, ನೀವು ಹೇಳಿ! ನಿಮಗೆ ಗೊತ್ತು, ಹೇಳೀ!"

ನಾನು ಮತ್ತೆ ಸೆರಗು ಬಾಯಿಗೆ ಒತ್ತಿಕೊಂಡೆ. ಅಳುತ್ತಿದ್ದೇನೆಂದು ಜನ ಅಂದುಕೊಂಡರು. ಅಳುತ್ತಿರಲಿಲ್ಲ.

ಕೆಳಗೆ ಬಿದ್ದ ಅವರ ಬಲಗೈ ಮೇಲೆ ಶಿವಣ್ಣ ಸ್ಟೂಲಿನಿಂದ ಬಡಿದ. ಒಣ ಸೌದೆ ಮುರಿದಂಥ ಸದ್ದು. ಆ ಸದ್ದಿಗೆ ಮಗ್ಗ ಹಾಕಿ ಮುಚ್ಚಲು ನನಗೆ ಈವರೆಗೆ ಆಗಿಲ್ಲ.

ಹೆಣ ಕುಯ್ಯಿಸುವುದು ಬೇಡವೆಂದು ಹಿರಿಯರು ಅಂದರು. ಹೊತ್ತು ಮುಳುಗುವ ಮೊದಲೇ ಮಣ್ಣು ಮಾಡಿದೆವು. ಆಮೇಲೆ ಸ್ಟೇಷನ್ನಿನಲ್ಲಿ ನನ್ನನ್ನು ಕೇಳಿದರು. ಅಲ್ಲೂ ಅದೇ ಮಾತು ಹೇಳಿದೆ. ಎರಡೂ ಕಡೆ ರಾಜಿ ಮಾಡಿಸಿದರು. ಡಾಕ್ಟರಮ್ಮ ಬೋರ್ಡು ಇಳಿಸಿ ಊರು ಬಿಟ್ಟರು. ಹೋದರೂ ನಮ್ಮ ಬೀದಿಯ ಹೆಂಗಸರು ವರ್ಷಗಟ್ಟಲೆ, "ಅಯ್ಯೋ ಅವ್ಳಾ, ಕೊಲೆಗಾತಿ" ಅನ್ನುತ್ತಿದ್ದರು. ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ.

ಹೋದ ಭಾನುವಾರ ನಿಮ್ಮ ಮಾತು ಕೇಳಿ ಬಂದ ಮೇಲೆ ಅವರನ್ನು ಹುಡುಕಿದೆ. ನಮ್ಮಲ್ಲಿ ನೂಲು ಸುತ್ತಲು ಬರುವ ಹೆಂಗಸಿನ ತಂಗಿಯನ್ನು ದೇವನಹಳ್ಳಿ ಆಚೆಯ ವಿಜಯಪುರದಲ್ಲಿ ಅವರೇ ನೋಡುತ್ತಾರಂತೆ. ನಿನ್ನೆ ಬೆಳಿಗ್ಗೆ ಒಬ್ಬಳೇ ಹೋದೆ. ಬಸುರಿಯರ ಸಾಲಿನಲ್ಲಿ ಮುದುಕಿ ನಾನೊಬ್ಬಳೇ. ಒಳಗೆ ಹೋದಾಗ ಅವರು ಎಡಗೈಯಲ್ಲಿ ಬರೆಯುತ್ತಿದ್ದರು. ಬಲಗೈಯ ಮೂರು ಬೆರಳು ಮಡಚಲು ಬರುವುದಿಲ್ಲ. ಆಪರೇಷನ್ ಬಿಟ್ಟು ಬಹಳ ವರ್ಷವಾಯಿತಂತೆ. ಬಸುರಿಯರನ್ನು ನೋಡುತ್ತಾರೆ, ಹೆರಿಗೆಗೆ ಯಾವ ಆಸ್ಪತ್ರೆಗೆ ಹೋಗಬೇಕೆಂದು ಬರೆದುಕೊಡುತ್ತಾರೆ. ತಲೆ ಎತ್ತಿದ ಕೂಡಲೇ ಗುರುತು ಹಿಡಿದರು.

ನಾನು ಕಾಲಿಗೆ ಬೀಳಲು ಬಗ್ಗಿದೆ. "ಅದೆಲ್ಲ ಬೇಡ. ಏಳಿ. ಯಾಕೆ ಬಂದ್ರಿ?" ಅಂದರು. ಹೇಳಿದೆ. ಪದ್ಮಳ ಮಗಳು ಅಂದಾಗ ಪೆನ್ನು ಕೆಳಗಿಟ್ಟರು.

"ಅಡ್ಡ ತಿರುಗಿದ್ದ ಹುಡುಗಿ? ಬಿಪಿ ಎಷ್ಟಂತೆ?"

ಆಶಾ ಕಾರ್ಯಕರ್ತೆ ಬರೆದಿದ್ದ ಚೀಟಿಯನ್ನು ನಿನ್ನ ಮನೆಯಿಂದ ತಂದಿದ್ದೆ, ತೋರಿಸಿದೆ. ಅವರ ಮುಖ ಬಿಗಿಯಿತು. "ಎರಡು ದಿನದೊಳಗೆ ಕರ್ಕೊಂಡು ಬನ್ನಿ. ಅಷ್ಟರಲ್ಲಿ ತಲೆ ಸಿಡಿದ್ರೆ, ಕಣ್ಣು ಮಂಜಾದ್ರೆ, ನನಗೆ ಕಾಯಬೇಡಿ, ಹತ್ತಿರದ ದೊಡ್ಡಾಸ್ಪತ್ರೆಗೆ ಓಡಿ." ಚೀಟಿ ಹಿಂದಕ್ಕೆ ಕೊಡುತ್ತ ಅಂದರು: "ಆದ್ರೆ ಅವಳಿಗೆ ನಿಜ ಹೇಳಿ ಕರ್ಕೊಂಡು ಬನ್ನಿ. ಅಮ್ಮನ್ನ ಕೊಂದೋಳು ಅಂತ ನನ್ನ ನೋಡ್ತಿರೋ ಹುಡುಗಿಗೆ ನಾನು ಮಾತ್ರೆ ಕೊಟ್ರೆ ಅವಳು ನುಂಗ್ತಾಳಾ?"

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳುವ ಮುಖ ಎಲ್ಲಿದೆ.

ನಿನ್ನೆಯೇ ಇದನ್ನೆಲ್ಲ ಒಂದು ಸಲ ಬರೆದೆ. ನಿಮ್ಮ ಅಪ್ಪ ನೋಡಿದ. ನನ್ನ ಮಣಿಕಟ್ಟು ತಿರುಚಿ ಹಾಳೆ ಕಿತ್ತುಕೊಂಡು ನೀರೊಲೆಗೆ ತುರುಕಿದ. "ಮುದ್ಕಿ, ಸಾಯೋ ಕಾಲಕ್ಕೆ ನನ್ ಮಕ್ಳ ಕಣ್ಣಲ್ಲಿ ನನ್ನ ಇಳಿಸ್ತೀಯಾ?" ಅಂದ. ಇಪ್ಪತ್ತು ವರ್ಷ ಸಾಧು ಆಗಿದ್ದನಲ್ಲ ಎಂದು ನೀವು ಕೇಳಬಹುದು. ಅವನ ಮಾತಿಗೆ ಎದುರು ಹೇಳುವವರು ಈ ಮನೆಯಲ್ಲಿ ಇರಲಿಲ್ಲ, ಅಷ್ಟೇ. ಇವತ್ತು ಪಕ್ಕದ ಮನೆಯ ಜಗಲಿಯಲ್ಲಿ ಕೂತು ಮತ್ತೆ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕೈ ಬಾತಿದೆ ಎಂದು ತಿಳಿಯಿರಿ.

ಸೌಮ್ಯಾ, ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅನ್ನುತ್ತಾರೆ. ನಿನ್ನ ತವರಿನ ಹಿರಿಯಳು ನಾನೇ ಹೇಳುತ್ತಿದ್ದೇನೆ, ಈ ಮನೆಗೆ ಬರಬೇಡ. ಈ ಮನೆಯ ಗೋಡೆಯ ಹತ್ತಿರ ಹೊಟ್ಟೆ ಹೊತ್ತ ಹೆಣ್ಣು ಕೂರುವುದು ಇನ್ನು ಬೇಡ.

ಮನು, ನಿನ್ನ ಅಪ್ಪ ಆವತ್ತು ಆಸ್ಪತ್ರೆ ಒಡೆದದ್ದು ಹೆಂಡತಿ ಸತ್ತ ಸಂಕಟಕ್ಕಲ್ಲ. ತಾನು ಸಿಕ್ಕಿಬೀಳಬಾರದೆಂದು. ಅದನ್ನು ಗಂಡಸುತನ ಎಂದು ನಿನಗೆ ಕಲಿಸಿದವಳು ನಾನು. ಶಿವಣ್ಣನಿಗೂ ಇದನ್ನೇ ಹೋಗಿ ಹೇಳುತ್ತೇನೆ. ಪೊಲೀಸರು ಕೇಳಿದರೂ ಇದನ್ನೇ ಹೇಳುತ್ತೇನೆ.

ಇವತ್ತು ಮಧ್ಯಾಹ್ನವೇ ಬಾಶೆಟ್ಟಿಹಳ್ಳಿಗೆ ಬಂದು ಈ ಹಾಳೆಗಳನ್ನು ನಿನ್ನ ಕೈಗೆ ಕೊಟ್ಟು ಹೋಗುತ್ತೇನೆ, ಸೌಮ್ಯಾ. ನಾಳೆ ಹತ್ತು ಗಂಟೆಗೆ ಡಾಕ್ಟರಮ್ಮ ಬರಹೇಳಿದ್ದಾರೆ. ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ, ದೇವನಹಳ್ಳಿ ಬಸ್ಸು ನಿಲ್ಲುವ ಕಡೆ, ಎಂಟಕ್ಕೇ ನಾನು ನಿಂತಿರುತ್ತೇನೆ. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ನೋಡಬೇಡ. ಉಗಿಯಬೇಕೆನಿಸಿದರೆ ಉಗಿ. ನನ್ನನ್ನು ದಾಟಿಕೊಂಡು ಹೋಗು, ಆದರೆ ಆ ಬಸ್ಸು ಹತ್ತು ಮಗಳೇ.