ಎಡಗಿವಿಯ ಜುಮುಕಿ

ಆಕೆ ನಮ್ಮನ್ನು ಮುಟ್ಟುತ್ತಿದ್ದದ್ದು ಕೈಯ ಹಿಂಬದಿಯಿಂದ. ಭುಜದಿಂದ ಶುರುವಾಗಿ ಕಂಕುಳು, ಸೊಂಟ, ಪಾದದವರೆಗೆ ಬೆರಳಿನ ಗೆಣ್ಣುಗಳು ಒಮ್ಮೆ ಸವರಿಕೊಂಡು ಹೋಗುತ್ತಿದ್ದವು. ಅಂಗೈ ಎಂದೂ ತಾಗುತ್ತಿರಲಿಲ್ಲ. ದಿನಾ ನೂರಾರು ಮೈಗಳ ಮೇಲೆ ಆಡಿ ಆಡಿ ಆ ಗೆಣ್ಣುಗಳ ಚರ್ಮ ಕಪ್ಪಾಗಿ ಒರಟಾಗಿತ್ತು. ಪೀಣ್ಯದ ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಯ ಹೆಂಗಸರೆಲ್ಲ ಸಂಜೆ ಸಾಲಾಗಿ ನಿಂತು ಆ ಕೈಗಳನ್ನು ದಾಟಿಯೇ ಮನೆಗೆ ಹೋಗಬೇಕಿತ್ತು. ಬಟ್ಟೆಯ ತುಂಡನ್ನೋ ಜಿಪ್ಪನ್ನೋ ಯಾರಾದರೂ ಕದ್ದು ಒಯ್ಯುತ್ತಿದ್ದಾರೆಯೇ ಎಂದು ನೋಡುವುದು ಆಕೆಯ ಕೆಲಸ. ನಾವು ಚೆಕಿಂಗ್ ಅಕ್ಕ ಎನ್ನುತ್ತಿದ್ದೆವು.

ನಾನು ಮಾಕಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಗಿಡ್ಡ ಕತ್ತು, ದುಂಡು ಮುಖ, ವಯಸ್ಸಿಗೆ ಮೀರಿದ ಎದೆ. ಬಸ್ಸಿನಲ್ಲಿ, ಬೀದಿಯಲ್ಲಿ ಕಣ್ಣುಗಳು ಎಲ್ಲಿ ಬಂದು ಕೂರುತ್ತವೆಂದು ಗೊತ್ತಿದ್ದರಿಂದ ಊಟದ ಡಬ್ಬಿಯ ಬ್ಯಾಗನ್ನು ಯಾವಾಗಲೂ ಎದೆಗೆ ಅವುಚಿಕೊಂಡೇ ನಡೆಯುತ್ತಿದ್ದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಅಕ್ಕ ಅದನ್ನು ಹಿಡಿದಳು.

"ಬ್ಯಾಗ್ನ ಅಂಗೆ ಎದೆಗವುಚ್ಕೊಂಡು ಬತ್ತೀಯಲ್ಲವ್ವ, ಏನ್ ಕದ್ದಿದೀಯ?"

ಹಿಂದೆ ನಿಂತವರು ನಕ್ಕರು. ನನ್ನ ಕಣ್ಣು ತುಂಬಿತು. ಅಕ್ಕ ಅದನ್ನು ನೋಡಿ ನನ್ನನ್ನು ಬೇಗ ಮುಂದಕ್ಕೆ ಕಳಿಸಿದಳು. ಮಾರನೆಯ ದಿನ ಸವರುತ್ತಾ ಸವರುತ್ತಾ ನನ್ನ ಕಿವಿಗಷ್ಟೇ ಕೇಳುವಂತೆ ಹೇಳಿದಳು. "ಕತ್ತಿಗ್ ಅಂಟ್ಕೊಂಡಿರೋ ಈ ದಪ್ಪ ಮಣಿಸರ ತಗ್ದಾಕು. ಇರೋ ಒಂಚೂರು ಕತ್ತನ್ನೂ ಅದೇ ತಿಂದಾಕ್ತದೆ. ಸಣ್ಣ ಚೈನು ಆಕು. ಇಲ್ಲಿಗ್ ಬರ್ಬೇಕು." ನನ್ನ ಗಂಟಲ ಗುಳಿಯ ಕೆಳಗೆ ಎರಡು ಬೆರಳು ಅಡ್ಡವಾಗಿ ಇಟ್ಟು ಅಳತೆ ತೋರಿಸಿದಳು. "ನೋಡೋರ್ ಕಣ್ಣು ಎಲ್ಲಿ ನಿಲ್ಬೇಕು ಅಂತ ನೀನೇ ಏಳ್ಬೇಕು ಕಣವ್ವ. ನೀನ್ ಏಳ್ದಿದ್ರೆ ಅವೇ ಜಾಗ ಉಡುಕ್ಕೊಂಡು ಓಯ್ತವೆ."

ನಾಗಸಂದ್ರದ ಫುಟ್‌ಪಾತಿನಲ್ಲಿ ಒಂದು ಸಣ್ಣ ಚೈನು ಕೊಂಡೆ, ತುದಿಯಲ್ಲಿ ಹೆಸರುಕಾಳಿನಷ್ಟು ಹಸಿರು ಹರಳು. ಕನ್ನಡಿಯಲ್ಲಿ ನೋಡಿಕೊಂಡರೆ ನನಗೂ ಒಂದು ಕತ್ತು ಇತ್ತು! ಬ್ಯಾಗು ಎದೆಯಿಂದ ಹೆಗಲಿಗೆ ಇಳಿಯಲು ಇನ್ನೂ ಕೆಲವು ದಿನ ಬೇಕಾಯಿತು. ಆದರೆ ಇಳಿಯಿತು.

ನನಗೊಬ್ಬಳಿಗೇ ಅಲ್ಲ. ದುಂಡು ಮುಖದವರಿಗೆ ಅಗಲದ ಓಲೆ ಬೇಡ, ಉದ್ದಕ್ಕೆ ಇಳಿಯುವುದು ಇರಲಿ. ತೋಳು ದಪ್ಪ ಇದ್ದರೆ ಬಿಗಿ ಬಳೆ ಹಾಕಿ ಮಾಂಸ ಉಬ್ಬಿಸಬೇಡ. ಸೀರೆಯ ಅಂಚು ದೊಡ್ಡದಿದ್ದ ದಿನ ಕತ್ತು ಖಾಲಿ ಬಿಡು. ಇಂಥದ್ದೇ ಮಾತು ಗೇಟಿನಲ್ಲಿ. ಆಕೆಯ ಸ್ಟೂಲಿನ ಕೆಳಗೆ ಒಂದು ತಗಡಿನ ಡಬ್ಬಿ ಇರುತ್ತಿತ್ತು: ಪಿನ್ನು, ಕರಿದಾರ, ಯಾರ್‍ಯಾರದೋ ಓಲೆಯ ತಿರುಪುಗಳು. ಆಕೆಯ ಮೈಮೇಲೆ ಮಾತ್ರ ಯೂನಿಫಾರಂ ಬಿಟ್ಟರೆ ಒಳಗೆ ಸೇರಿಸಿದ ಕರಿಮಣಿ, ಕಿವಿಯಲ್ಲಿ ಗಾಜಿನ ಹರಳು, ಅಷ್ಟೆ. ನಮ್ಮನ್ನು ಕಳ್ಳರಂತೆ ತಡಕುವ ಆ ಒಂದು ನಿಮಿಷವನ್ನು ಆಕೆ ಸಿಂಗಾರದ ಮಾತಿನಿಂದ ಮುಚ್ಚಿಬಿಡುತ್ತಿದ್ದಳು. ಆಗ ಅದು ನನಗೆ ಹೊಳೆದಿರಲಿಲ್ಲ. ಬಾಯಿಬಡುಕಿ, ಒಳ್ಳೆಯವಳು ಅಂದುಕೊಂಡಿದ್ದೆ.

ಆಮೇಲೆ ನನಗೆ ಫ್ಯಾಕ್ಟರಿಯ ಆಫೀಸಿನಲ್ಲಿ ಟೈಪಿಂಗ್ ಕೆಲಸ ಸಿಕ್ಕಿತು. ಮಾಸ್ಕಿನ ಕಾಲ ಅದು. ಗೇಟಿನಲ್ಲಿ ದಿನಾ ಬೆಳಿಗ್ಗೆ ಮಾಸ್ಕ್ ತೆಗೆದು ಮುಖ ತೋರಿಸಿ ಒಳಗೆ ಹೋಗಬೇಕಿತ್ತು. "ಓಲೆ ಇಡ್ಕೊಂಡು ಆಮೇಲ್ ಮಾಸ್ಕ್ ತಗೀರವ್ವ, ಎಲಾಸ್ಟಿಕ್ ಎಳ್ಕೊಂಡು ಓಯ್ತದೆ" ಎಂದು ಅಕ್ಕ ಎಲ್ಲರಿಗೂ ಹೇಳುತ್ತಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಫೀಸಿನವಳಲ್ಲವೇ?

ಆ ವರ್ಷದ ಆಯುಧಪೂಜೆಗೆ ಅಮ್ಮ ತನ್ನ ಹಳೆಯ ಬುಗುಡಿ ಕರಗಿಸಿ ಮಾಡಿಸಿದ್ದ ಚಿನ್ನದ ಜುಮುಕಿಯನ್ನು ನನ್ನ ಕಿವಿಗೆ ಹಾಕಿ ಕಳಿಸಿದಳು. ನಮ್ಮಂಥವರು ಇರುವ ಒಡವೆಯನ್ನೆಲ್ಲ ಹೇರಿಕೊಂಡು ಕೆಲಸಕ್ಕೆ ಹೋಗುವುದು ಆ ದಿನ ಒಂದೇ. ಗೇಟಿನಲ್ಲಿ ಅಕ್ಕ ನನ್ನ ಎಡಗಿವಿ ಮುಟ್ಟಿ ನೋಡಿದಳು. "ಭಾರ ಐತೆ, ತಿರುಪು ಸಡ್ಲ" ಎಂದು ಕರಿದಾರವನ್ನು ಜುಮುಕಿಯ ಕಡ್ಡಿಗೆ ಸುತ್ತಿ, ಕಿವಿಯ ಹಿಂದಿನಿಂದ ತಂದು ಗಂಟು ಹಾಕಿದಳು. ನಾನು ನೆಟ್ಟಗೆ ಬಾತ್‌ರೂಮಿಗೆ ಹೋದೆ. ಪೂಜೆಯ ಫೋಟೋದಲ್ಲಿ ದಾರ ಕಾಣುತ್ತದೆಂದು ಓಲೆ ಬಿಚ್ಚಿ, ದಾರ ಕಿತ್ತೆಸೆದು, ಅವಸರದಲ್ಲಿ ಮತ್ತೆ ಹಾಕಿಕೊಂಡು ತಿರುಪನ್ನು ಅರ್ಧಕ್ಕೇ ಬಿಟ್ಟೆ.

ಪೂಜೆಯಾಗಿ, ಊಟವಾಗಿ, ಮಧ್ಯಾಹ್ನ ಹೊರಡುವ ಹೊತ್ತಿಗೆ ಗೆಳತಿಯೊಬ್ಬಳು "ನಿನ್ ಎಡಗಡೆ ಜುಮ್ಕಿ ಎಲ್ಲೇ?" ಅಂದಳು. ಹುಡುಕಿದ್ದೇ ಹುಡುಕಿದ್ದು. ಕೊನೆಗೆ ಸೆಕ್ಯುರಿಟಿ ಆಫೀಸರ್ ಬಂದು ಕೇಳಿದರು. "ನಿಮ್ ಓಲೇನ ಬೆಳಗಿಂದ ಯಾರಾದ್ರೂ ಮುಟ್ಟಿದ್ರಾ?"

"ಬೆಳಗ್ಗೆ ಅಕ್ಕ ಮುಟ್ಟಿದ್ರು ಸಾರ್" ಎಂದೆ.

ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ದಾರ ಕಟ್ಟಲು ಮುಟ್ಟಿದ್ದರು ಎಂದಾಗಲಿ, ಆ ದಾರವನ್ನು ನಾನೇ ಕಿತ್ತೆ ಎಂದಾಗಲಿ ಮಾತ್ರ ಹೇಳಲಿಲ್ಲ. ಓಲೆ ಹೋದ ಗಾಬರಿಯಲ್ಲಿ ನನ್ನ ಪೆದ್ದುತನವನ್ನು ಬೇರೆ ಯಾಕೆ ಒಪ್ಪಿಕೊಳ್ಳಲಿ ಎನಿಸಿತು.

ಸಾಲಿನಲ್ಲಿ ನಿಂತಿದ್ದ ಎಲ್ಲರ ಎದುರು, ಅದೇ ಗೇಟಿನಲ್ಲಿ, ಗುಡಿಸುವ ಕೆಲಸದ ಹೆಂಗಸೊಬ್ಬಳಿಂದ ಅಕ್ಕನ ಮೈ ತಡಕಿಸಿದರು. ಯಾರೂ ಹೇಳುವ ಮೊದಲೇ ಅಕ್ಕ ತಾನೇ ಎರಡೂ ಕೈ ಮೇಲೆತ್ತಿ ನಿಂತಳು. ಆ ಹೆಂಗಸಿಗೆ ಪಾಪ ಕೆಲಸ ಗೊತ್ತಿಲ್ಲ, ಅಂಗೈಯಲ್ಲೇ ಒತ್ತಿ ಒತ್ತಿ ನೋಡುತ್ತಿದ್ದಳು.

"ಕೈ ಇಂದ್ಗಡೆಯಿಂದ ಮುಟ್ಟವ್ವ, ಒಳಗಡೆಯಿಂದ ಅಲ್ಲ" ಎಂದು ಅಕ್ಕ ಮೆಲ್ಲಗೆ ಹೇಳಿಕೊಟ್ಟಳು.

ತಗಡಿನ ಡಬ್ಬಿಯನ್ನು ನೆಲಕ್ಕೆ ಸುರಿದರು. ತಿರುಪುಗಳು ಉರುಳಿಕೊಂಡು ಹೋದವು. ಏನೂ ಸಿಗಲಿಲ್ಲ. ಅಕ್ಕ ಕುಕ್ಕರುಗಾಲಿನಲ್ಲಿ ಕೂತು ಒಂದೊಂದನ್ನೇ ಆಯ್ದುಕೊಂಡಳು. ಯಾರೂ ಬಗ್ಗಲಿಲ್ಲ, ನಾನೂ ಬಗ್ಗಲಿಲ್ಲ.

ಮನೆಗೆ ಬಂದು ಬಟ್ಟೆಯ ಮಾಸ್ಕನ್ನು ಒಗೆಯಲು ಬಕೆಟ್ಟಿಗೆ ಹಾಕಿದೆ. ತಳದಲ್ಲಿ ಟಣ್ ಎಂದಿತು. ಊಟಕ್ಕೆಂದು ತೆಗೆದು ಮಡಚಿ ಪರ್ಸಿಗೆ ತುರುಕಿದ್ದ ಮಾಸ್ಕಿನ ನೆರಿಗೆಯಲ್ಲಿ ಜುಮುಕಿ ಸಿಕ್ಕಿಕೊಂಡಿತ್ತು.

ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. "ಹಬ್ಬದ್ ರಜ ಮುಗ್ದು ಓದ್ ತಕ್ಷಣ ಏಳ್ಬುಡು. ಪಾಪದೋರ್ ಮ್ಯಾಲೆ ಅಪವಾದ ಬುಡಬಾರ್ದು" ಅಂದಳು. ಹೂಂ ಅಂದೆ. ಹೇಳಲಿಲ್ಲ. ಹೇಗೂ ಅಕ್ಕನ ಹತ್ತಿರ ಏನೂ ಸಿಕ್ಕಿಲ್ಲವಲ್ಲ, ಅಪವಾದ ತಾನಾಗಿಯೇ ತೊಳೆದುಹೋಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತೊಳೆದುಹೋಗಲಿಲ್ಲ. ಹಬ್ಬದ ರಜೆ ಮುಗಿದ ದಿನದಿಂದ ಗೇಟಿನಲ್ಲಿ ಒಡವೆಯ ಮಾತೇ ನಿಂತುಹೋಯಿತು. ಹೆಂಗಸರು ಚೈನನ್ನು ಕುಪ್ಪಸದೊಳಗೆ ಸೇರಿಸಿಕೊಂಡು ಅಕ್ಕನ ಮುಂದೆ ನಿಲ್ಲತೊಡಗಿದರು. ವಾರ ಕಳೆಯುವುದರೊಳಗೆ "ಇವರನ್ನು ಬದಲಾಯಿಸಿ" ಎಂದು ಸೆಕ್ಯುರಿಟಿ ಏಜೆನ್ಸಿಗೆ ಪತ್ರ ಹೋಯಿತು. ಮೂರು ಸಾಲಿನ ಆ ಪತ್ರವನ್ನು ಟೈಪ್ ಮಾಡಿದವಳು ನಾನು. ಅಕ್ಷರ ತಪ್ಪಿದೆಯೇ ಎಂದು ಎರಡು ಸಲ ಓದಿಯೂ ನೋಡಿದೆ, ಥೂ.

ಎರಡು ವರ್ಷದ ಮೇಲೆ ನಾಗಸಂದ್ರದ ಮೆಟ್ರೋ ಸ್ಟೇಷನ್ನಿನಲ್ಲಿ, ಹೆಂಗಸರನ್ನು ತಪಾಸಣೆ ಮಾಡುವ ಪರದೆಯ ಹಿಂದೆ ಕೈಯೆತ್ತಿ ನಿಂತಿದ್ದೆ. ಭುಜದ ಮೇಲೆ ಒರಟು ಗೆಣ್ಣುಗಳು ಇಳಿದವು. ಮುಖ ನೋಡುವ ಮೊದಲೇ ನನಗೆ ಗೊತ್ತಾಯಿತು. ಆಕೆಗೂ ಗೊತ್ತಾಗಿತ್ತು.

"ಚೈನು ಸರ್ಯಾಗ್ ಕುಂತದೆ" ಅಂದಳು. ಆಮೇಲೆ ನನ್ನ ಕಿವಿ ನೋಡಿದಳು. "ಕಿವಿ ಯಾಕವ್ವ ಬರ್ದು?"

"ಅಕ್ಕ, ಅದು ಅವತ್ತೇ ಸಿಕ್ತು. ನನ್ ಮಾಸ್ಕಲ್ಲೇ ಇತ್ತು" ಎಂದುಬಿಟ್ಟೆ.

"ಗೊತ್ತು ಕಣವ್ವ."

ಎತ್ತಿದ್ದ ಕೈಗಳನ್ನು ಇಳಿಸಿ ಆಕೆಯ ಕಡೆ ತಿರುಗಿದೆ.

"ರಜ ಮುಗ್ದು ಬಂದ್ ದಿನ ಗೇಟಲ್ಲಿ ಮಾಸ್ಕ್ ತಗಿ ಅಂದ್ನಲ್ಲ, ನೀನು ಎಡಗಿವಿ ಇಡ್ಕೊಂಡು ನಿಧಾನಕ್ಕೆ ತಗ್ದೆ. ಕಿವೀಲಿ ಏನೂ ಇರ್ಲಿಲ್ಲ. ಅದಕ್ ಮುಂಚೆ ಒಂದ್ ದಿನಾನೂ ಅಂಗ್ ತಗ್ದೋಳಲ್ಲ ನೀನು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನನ್ನು ಯಾರೂ ಕಳ್ಳಿ ಎಂದಿರಲೂ ಇಲ್ಲ.

"ಮತ್ತೆ ಯಾಕಕ್ಕ ಯಾರ್ಗೂ ಹೇಳ್ಲಿಲ್ಲ?"

"ಏಳಿದ್ರೆ ನಿನ್ನೂ ಎಲ್ರ ಮುಂದೆ ಅಂಗೇ ಕೈಯೆತ್ತಿ ನಿಲ್ಲುಸ್ತಿದ್ರು. ಮೊದ್ಲೇ ಬ್ಯಾಗ್ ಎದೆಗವುಚ್ಕೊಂಡು ಓಡಾಡ್ತಿದ್ದೋಳು. ನೀನ್ ತಡ್ಕೊತಿರ್ಲಿಲ್ಲ." ಪರದೆಯ ಆಚೆ ಯಾರೋ ಗೊಣಗಿದರು. ಅಕ್ಕ ನನ್ನ ಬ್ಯಾಗನ್ನು ಹೆಗಲಿಗೆ ಸರಿಮಾಡಿದಳು. "ಬರೋ ವಾರ ಜುಮ್ಕಿ ಆಕ್ಕೊಂಡ್ ಬಾ, ದಾರ ಕಟ್ತೀನಿ. ಈಗ ನಡಿ, ಜನ ನಿಂತವ್ರೆ."

ಬರುವ ವಾರ ನಾನು ಹೋಗಲಿಲ್ಲ. ಬಸ್ಸಿನಲ್ಲಿ ದಾಸರಹಳ್ಳಿಯವರೆಗೂ ಹೋಗಿ ಅಲ್ಲಿ ಮೆಟ್ರೋ ಹತ್ತತೊಡಗಿದೆ. ಬೈದಿದ್ದರೆ ಹೋಗುತ್ತಿದ್ದೆನೇನೋ. ಆ ಮುಖದ ಎದುರು ಮತ್ತೊಮ್ಮೆ ನಿಲ್ಲಲು ಧೈರ್ಯ ಬರಲು ನಾಲ್ಕು ತಿಂಗಳು ಹಿಡಿಯಿತು. ಜುಮುಕಿ ಹಾಕಿಕೊಂಡು ಹೋದ ದಿನ ಪರದೆಯ ಹಿಂದೆ ಬೇರೆ ಹುಡುಗಿ ಇದ್ದಳು.

"ಆ ಆಂಟೀನಾ? ತೀರ್ಕೊಂಡ್ರು ಮೇಡಂ, ತಿಂಗಳಾಯ್ತು. ಶುಗರ್ ಜಾಸ್ತಿ ಆಗಿತ್ತಂತೆ. ನಿಮಗೇನಾಗ್ಬೇಕು ಅವರು?"

"ಏನಿಲ್ಲ, ಸುಮ್ನೆ ಕೇಳ್ದೆ" ಎಂದೆ. ಅಲ್ಲಿಯೂ ಇರುವುದನ್ನು ಹೇಳಲಿಲ್ಲ.

ಈಗ ಜುಮುಕಿ ಹಾಕಿಕೊಳ್ಳುವ ದಿನ ಕರಿದಾರ ನಾನೇ ಕಟ್ಟಿಕೊಳ್ಳುತ್ತೇನೆ. ನಮ್ಮ ಕಿವಿಯ ಹಿಂಬದಿ ನಮಗೆ ಕಾಣುವುದಿಲ್ಲ, ಗಂಟು ಸರಿಯಾಗಿ ಬೀಳುವುದಿಲ್ಲ. ಅಕ್ಕ ನನಗೆ ಅಷ್ಟು ಮಾಡಿದಳು, ನಾನು ಆಕೆಗೆ ಮಾಡಬೇಕಿದ್ದದ್ದು ಒಂದೇ ಒಂದು ಮಾತು ಆಡುವುದು. ಅದನ್ನು ಆಡಬೇಕಾದ ಜಾಗದಲ್ಲಿ ಇವತ್ತಿನವರೆಗೂ ಆಡಿಲ್ಲ. ಆ ಆಯುಧಪೂಜೆಯ ಮಧ್ಯಾಹ್ನ ನಮ್ಮ ಗೇಟಿನ ಸಾಲಿನಲ್ಲಿ ನಿಂತಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ: ಅಕ್ಕ ಕದ್ದಿರಲಿಲ್ಲ. ಜುಮುಕಿ ನನ್ನ ಮಾಸ್ಕಿನಲ್ಲಿತ್ತು.