ಬಾಯಿ ತೆರೆದ ಬಿಲಗಳು

ಹನಕೆರೆಯ ನಮ್ಮ ಬಾವ ಗದ್ದೆಗೆ ಇಲಿಪಾಷಾಣ ಇಡುವ ಮೊದಲು, ಒಂದು ಸಂಜೆ ಬದುವಿನ ಬಿಲಗಳನ್ನೆಲ್ಲ ಕೆಸರು ಮೆತ್ತಿ ಮುಚ್ಚಿಬಿಡುತ್ತಾರೆ. ಬೆಳಗಾಗುವಷ್ಟರಲ್ಲಿ ಯಾವುದು ಮತ್ತೆ ಬಾಯಿ ತೆರೆದಿರುತ್ತದೋ ಅದರಲ್ಲಿ ಇಲಿ ಇದೆ ಎಂದರ್ಥ. ನುಚ್ಚಿನಲ್ಲಿ ಕಲಸಿದ ವಿಷ ಅಂಥ ಬಿಲಕ್ಕೆ ಮಾತ್ರ. ಬದುವಿನುದ್ದಕ್ಕೂ ವಿಷ ಚೆಲ್ಲುವವರನ್ನು ಕಂಡರೆ ಅವರಿಗಾಗದು.

ನನ್ನ ಕಸುಬೂ ಹೆಚ್ಚುಕಡಿಮೆ ಇದೇ ಎಂದರೆ ನೀವು ನಗಬಾರದು. ಕ್ಯಾನ್ಸರ್ ಕೋಶದ ಮೈಮೇಲಿನ ಗುರುತನ್ನು ಹುಡುಕಿ ಹಿಡಿಯುವ ಪ್ರತಿಕಾಯಕ್ಕೆ ವಿಷವನ್ನು ಕಟ್ಟುವುದು ಮೈಸೂರಿನ ನಮ್ಮ ಪ್ರಯೋಗಾಲಯದ ಕೆಲಸ. ಆ ಗಂಟು ದಾರಿಯಲ್ಲಿ ಬಿಚ್ಚಿಕೊಳ್ಳಬಾರದು. ಕೋಶದೊಳಕ್ಕೆ ಹೋದಮೇಲೆ ಬಿಚ್ಚಿಕೊಳ್ಳದೆ ಇರಲೂಬಾರದು. ನಮ್ಮದಿನ್ನೂ ಗಾಜಿನ ತಟ್ಟೆಗಳನ್ನು ದಾಟಿಲ್ಲ. ಆದರೆ ಬೇರೆಯವರು ಮಾಡಿದ ಅಂಥದೇ ಒಂದು ಔಷಧ ಹೋದ ವರ್ಷ ನಮ್ಮಕ್ಕನ, ಎಂದರೆ ಈ ಬಾವನ ಹೆಂಡತಿಯ, ರಕ್ತಕ್ಕೆ ಇಳಿಯಿತು. ಅವಳದು ಅಂಡಾಶಯದ ಕ್ಯಾನ್ಸರ್. ಹಳೆಯ ಔಷಧಗಳೆಲ್ಲ ಸೋತಿದ್ದವು.

ಇದು ಸೋಲಲಿಲ್ಲ. ಹೊಟ್ಟೆಯ ನೀರು ಇಳಿಯಿತು, ಅಕ್ಕ ಮತ್ತೆ ಮುದ್ದೆ ನುಂಗಿದಳು. ಆಮೇಲೊಂದು ಬೆಳಗ್ಗೆ ಅವರೆಕಾಯಿ ಸುಲಿಯುತ್ತ ಕೂತವಳು ಹುಳ ಹಿಡಿದ ಕಾಳನ್ನೂ ಪಾತ್ರೆಗೆ ಹಾಕುತ್ತಿರುವುದನ್ನು ಕಂಡೆ. ಅವಳ ಕಣ್ಣಿನ ಕರಿಗುಡ್ಡೆಯ ಮೇಲಿನ ತಿಳಿಪೊರೆಯ ಕೋಶಗಳೂ ಆ ವಿಷವನ್ನು ಒಳಗೆ ಬಿಟ್ಟುಕೊಂಡಿದ್ದವು. ನಮ್ಮ ಸಭೆಗಳಲ್ಲಿ ಇದಕ್ಕೆ ಗುರಿಯಾಚೆಯ ಪರಿಣಾಮ ಎನ್ನುತ್ತೇವೆ. ತೆರೆಯ ಮೇಲೆ ಅದಕ್ಕೊಂದು ಮೂಲೆ, ಸಣ್ಣ ಅಕ್ಷರ.

ಇದನ್ನು ಬಾವನಿಗೆ ತಿಳಿಸಿದೆ. "ಏಡೀನೂ ಬಾಯಿ ತೆಗೀತದೆ ಕಣ್ಲಾ," ಎಂದರು. ಮೆತ್ತಿದ ಕೆಸರನ್ನು ಗದ್ದೆಯ ಏಡಿಯೂ ಕೊರೆದುಕೊಂಡು ಬರುತ್ತದೆ. ಇಲಿಯದೆಂದು ನಂಬಿ ಒಮ್ಮೆ ವಿಷವಿಟ್ಟು, ಮಾರನೆಯ ಬೆಳಗ್ಗೆ ಕಾಲು ಮಡಚಿ ಬಿದ್ದ ಏಡಿಗಳನ್ನು ಅವರೇ ಹೂತಿದ್ದರು.

ಕಣ್ಣು ಸುಧಾರಿಸುವವರೆಗೆ ಔಷಧ ನಿಲ್ಲಿಸಿದರೆ ಗಡ್ಡೆ ಬೆಳೆಯಬಹುದು, ಪ್ರಮಾಣ ತಗ್ಗಿಸಿ ಮುಂದುವರಿಸಿದರೂ ಕಣ್ಣು ಇನ್ನಷ್ಟು ಮಬ್ಬಾಗಬಹುದು, ಎರಡರಲ್ಲೊಂದನ್ನು ನೀವೇ ಹೇಳಬೇಕು ಎಂದರು ಡಾಕ್ಟರು. ಹೊರಗಿನ ಬೆಂಚಿನ ಮೇಲೆ ಅಕ್ಕ ನನ್ನ ತೋಳು ಹಿಡಿದಳು.

"ನೀನೇ ಏಳ್ಲಾ. ಇಂತಾದ್ನ ಮಾಡೋದೇ ತಾನೆ ನಿನ್ ಕೆಲ್ಸ?"

"ನಂಗೊತ್ತಿಲ್ಲ ಕಣಕ್ಕ."

"ಅಷ್ಟೊಂದ್ ಓದಿ ಇದ್ನ ಏಳಕ್ ಬಂದ್ಯಾ?" ಎಂದು ನಕ್ಕು, ಬಾವನತ್ತ ಗದ್ದ ಚಾಚಿ ತೋರಿಸಿದಳು. "ಮದ್ವೆ ಆದಾಗ್ಲಿಂದ ಇವ್ರ ಮೊಕ ನೋಡೀವ್ನಿ. ಇನ್ನೇನ್ ಒಸದಾಗಿ ಬತ್ತದಾ? ಬುಡು, ಔಸ್ದಿ ಆಕ್ಸು."

ಬಾವ ನಗಲಿಲ್ಲ.

ಗಡ್ಡೆ ಕುಗ್ಗುತ್ತಿದೆ. ವರದಿ ನೋಡಿ ಡಾಕ್ಟರು ನನ್ನ ಕೈ ಕುಲುಕಿದರು, ನಾನೂ ಕುಲುಕಿದೆ. ಅದನ್ನು ಹೇಳಲೆಂದು ಮೊನ್ನೆ ಊರಿಗೆ ಹೋದಾಗ ಅಕ್ಕ ಜಗುಲಿಯಲ್ಲಿ ಬಿಸಿಲಿಗೆ ಬೆನ್ನು ಮಾಡಿ ಕೂತಿದ್ದಳು. ಹತ್ತಿರ ಹೋಗಿ ನಿಂತೆ. ನನ್ನನ್ನು ಎತ್ತಿ ಆಡಿಸಿದವಳು ಮುಖವೆತ್ತಿ ನೋಡಿ, ಸೆರಗು ಸರಿಮಾಡಿಕೊಂಡು, ಪಕ್ಕದ ಚಾಪೆಯನ್ನು ಕೈಯಲ್ಲಿ ತಡವಿ ತೋರಿಸಿ, "ಬನ್ನಿ, ಕೂತ್ಕಳಿ," ಎಂದಳು. "ಯಾವೂರಾಯ್ತು ತಮ್ದು?"