ಪಕ್ಕದ ಸಾಲು

ಮಗಳು ಕಂಪ್ಯೂಟರ್ ಸೈನ್ಸ್ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಕಡೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪಿಯುಸಿ ಮಕ್ಕಳಿಗೆ ಸಂಜೆ ಟ್ಯೂಷನ್ ಶುರು ಮಾಡಿದಳು. ಅವರಪ್ಪ ತಮ್ಮ ತೆಂಗಿನಕಾಯಿ ಮಂಡಿಯಿಂದ ಹಳೆಯ ಬೆಂಚು ತಂದು ಹಾಕಿಸಿದರು. ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಅವಳ ಪಾಠ ಕೇಳುತ್ತಿದ್ದೆ. ಅವಳದೊಂದು ಪದ್ಧತಿಯಿತ್ತು. ಮಕ್ಕಳು ಬರೆದ ಪ್ರೋಗ್ರಾಮನ್ನು ಕೈಗೆ ತೆಗೆದುಕೊಂಡು ನೋಡುತ್ತಿರಲಿಲ್ಲ. ಬರೆದವರೇ ಗಟ್ಟಿಯಾಗಿ ಓದಬೇಕು, ಇವಳು ಕೇಳಿ ತಪ್ಪು ಹಿಡಿಯುತ್ತಿದ್ದಳು.

“ಬ್ರಾಕೆಟ್ ತೆಗ್ದೆ, ಮುಚ್ಚೋದ್ ಬೇಡ್ವೇನೋ? ನಿಮ್ಮನೇಲಿ ಬಾಗ್ಲು ಹಾಕ್ದೆ ಮಲಗ್ತೀರಾ?”

“ನಮ್ಮನೇಲಿ ಅಜ್ಜಿ ಹಾಕ್ತಾರೆ ಮಿಸ್.”

“ಹಂಗಾದ್ರೆ ಪರೀಕ್ಷೆಗೂ ಅಜ್ಜಿನೇ ಕರ್ಕೊಂಡ್ ಬಾ.”

ಕೋಣೆಯೆಲ್ಲ ನಗು. ನಾನೂ ಒಳಗೆ ನಗುತ್ತಿದ್ದೆ. ನಮ್ಮವರು ಮಂಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು, “ಪುಸ್ತಕ ನೋಡ್ದೇನೇ ತಪ್ಪು ಹಿಡೀತಾಳೆ ಕಣ್ರೀ ನನ್ ಮಗಳು!”

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮ್ಮ ಬರವಣಿಗೆಯ ಕೆಳಗೆ ಸ್ಕೇಲ್ ಇಟ್ಟು ಸಾಲು ನೇರವಿದೆಯೇ ಎಂದು ನೋಡುತ್ತಿದ್ದರು. ಆ ಅಭ್ಯಾಸ ನನಗೂ ಉಳಿದಿದೆ. ಮಗಳು ಬೋರ್ಡಿನ ಮೇಲೆ ಬರೆಯುವ ಅಕ್ಷರ ತಿಂಗಳಿಂದ ತಿಂಗಳಿಗೆ ದೊಡ್ಡದಾಗುತ್ತಿರುವುದನ್ನೂ, ಸಾಲು ಬಲಕ್ಕೆ ಹೋದಂತೆ ಕೆಳಗಿಳಿಯುವುದನ್ನೂ ಗಮನಿಸಿದ್ದೆ. ಹಿಂದೆ ಕೂತವರಿಗೆ ಕಾಣಲಿ ಎಂದು ದೊಡ್ಡದಾಗಿ ಬರೆಯುತ್ತಾಳೆ ಅಂದುಕೊಂಡೆ.

ಆ ವರ್ಷದ ಬೇಸಿಗೆ ರಜೆಯಲ್ಲಿ ಅವಳು ನನ್ನ ತವರು ಅಜ್ಜಂಪುರಕ್ಕೆ ಹೋಗಿ, ಅಲ್ಲಿನ ಶಾಲೆಯೊಂದರ ಬೇಸಿಗೆ ಶಿಬಿರದಲ್ಲಿ ಬೆಳಗಿನ ಹೊತ್ತು ಚಿಕ್ಕ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಟ್ಟಳು. ಮೌಸ್ ಮುಟ್ಟಲು ಹೆದರುವ ಮಕ್ಕಳು, ಅದರ ಕೆಂಪು ದೀಪ ಕೈಸುಡುತ್ತದೆ ಎಂದುಕೊಂಡ ಒಂದು ಮಗು, ಇಂಥವೇ ಕಥೆಗಳನ್ನು ಹೊತ್ತು ಬಂದಳು. ಚಪ್ಪಲಿ ಬಿಡುವ ಮೊದಲೇ ಹೇಳಿದಳು, “ಅಮ್ಮಾ, ನಂಗೆ ಬೇರೆ ಯಾವ್ ಕೆಲ್ಸನೂ ಬೇಡ ಕಣಮ್ಮ. ಪಾಠ ಮಾಡ್ಕೊಂಡ್ ಇದ್ಬಿಡ್ತೀನಿ.”

ಡಿಗ್ರಿ ಮುಗಿದ ಮೇಲೆ ತರೀಕೆರೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಮೊದಲ ಸಲ ಸೀರೆಯುಟ್ಟು ಹೊರಟ ದಿನ ನೆರಿಗೆ ನಾನೇ ಹಿಡಿದೆ. ಮಳೆಗಾಲ ಬಂತು, ಬೇಗ ಕತ್ತಲಾಗತೊಡಗಿತು. ಅಂಥದೊಂದು ದಿನ ಬಂದವಳು ಹೆಗಲಿನ ಬ್ಯಾಗನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ಸರ್ ಕರ್ಸಿದ್ರು ಇವತ್ತು. ಸಂಜೆ ಬ್ಯಾಚಿನ ಹುಡುಗಿಯೊಬ್ಳು ಕ್ಲಾಸ್ ಬಿಟ್ಬಿಟ್ಳಂತೆ. ‘ಕೈ ಎತ್ತಿ ಎತ್ತಿ ಸಾಕಾಯ್ತು, ಮಿಸ್ ನನ್ ಕಡೆ ನೋಡೋದೇ ಇಲ್ಲ. ನಮ್ಮಂಥೋರು ಅವ್ರ ಕಣ್ಣಿಗ್ ಬೀಳ್ತೀವಾ’ ಅಂತ ಅತ್ಲಂತೆ.”

“ಪಾಠದ ಗ್ಯಾನದಲ್ಲಿ ನೀನು ನೋಡಿಲ್ವೇನೋ, ಬಿಡು.”

“ಇಲ್ಲಮ್ಮ. ಪಕ್ಕದಲ್ಲಿ ಒಂದು ಸಾಲು ಇರೋದೇ ನಂಗೆ ಕಾಣಲ್ಲ. ಪೂರ್ತಿ ತಿರುಗಿದ್ರೆ ಮಾತ್ರ ಕಾಣುತ್ತೆ.”

ಒಲೆ ಆರಿಸಿದೆ. ಅವಳು ಒಂದೊಂದೇ ಹೇಳಿದಳು. ಸಂಜೆಯ ಬೆಳಕಲ್ಲಿ ಮಕ್ಕಳ ಅಕ್ಷರ ಕಾಣದೆ ಹೋದಾಗ ಗಟ್ಟಿಯಾಗಿ ಓದಿಸುವ ಉಪಾಯ ಹೂಡಿದ್ದು. ಬಸ್‌ ಸ್ಟ್ಯಾಂಡಿನಿಂದ ಮನೆಗೆ ಬರುವಾಗ ಮುಂದೆ ನಡೆಯುವವರ ಹೆಜ್ಜೆಯ ಸದ್ದು ಹಿಡಿದು ಬರುತ್ತಿದ್ದದ್ದು. ಕನ್ನಡಕ ಹಾಕಿಕೊಂಡರೆ ಸರಿಹೋಗುತ್ತದೆ, ಕೆಲಸ ಖಾಯಂ ಆದ ಮೇಲೆ ಹೇಳೋಣ ಎಂದುಕೊಂಡಿದ್ದಳಂತೆ.

ಶಿವಮೊಗ್ಗದ ಕಣ್ಣಿನ ಡಾಕ್ಟರು ತಮ್ಮ ಮೂಗನ್ನೇ ನೋಡುತ್ತಿರಲು ಅವಳಿಗೆ ಹೇಳಿ, ಅವಳ ಕಿವಿಯ ಕಡೆಯಿಂದ ಒಂದು ಬೆರಳನ್ನು ನಿಧಾನಕ್ಕೆ ಮುಂದೆ ತಂದರು. ಬೆರಳು ಹೆಚ್ಚುಕಡಿಮೆ ಅವಳ ಮುಖದ ನೇರಕ್ಕೆ ಬರುವವರೆಗೂ ಅವಳು “ಈಗ ಕಾಣ್ತು” ಅನ್ನಲಿಲ್ಲ. ಅವರು ನನ್ನ ಕಡೆ ತಿರುಗಿ, “ಸಂಬಂಧದಲ್ಲಿ ಮದುವೆನಾ?” ಎಂದರು.

ನಮ್ಮವರು ನನ್ನ ತಾಯಿಯ ತಮ್ಮ. ತಾಳಿ ಕಟ್ಟುವವರೆಗೂ ನಾನವರನ್ನು ಮಾವ ಎಂದೇ ಕರೆಯುತ್ತಿದ್ದೆ.

“ನಮ್ಮಲ್ಲಿ ನಡ್ಕೊಂಡ್ ಬಂದಿದ್ದೇ ಹಂಗೆ ಡಾಕ್ಟ್ರೇ,” ಎಂದರು ನಮ್ಮವರು.

“ತಪ್ಪು ಅಂತ ಕೇಳ್ತಿಲ್ಲ ಯಜಮಾನ್ರೇ.”

ಕಣ್ಣಿನ ಒಳಪದರ ಅಂಚಿನಿಂದ ಸವೆಯುತ್ತಾ ಬರುವ ಕಾಯಿಲೆ, ಅವಳಿಗೆ ಕೊಡಲು ಸದ್ಯಕ್ಕೆ ಔಷಧಿ ಇಲ್ಲ, ನೋಟ ನಿಧಾನಕ್ಕೆ ಕಿರಿದಾಗುತ್ತದೆ ಎಂದರು. ಮಗಳು ಕೇಳಿದ್ದು ಒಂದೇ ಮಾತು, “ಪಾಠ ಮಾಡ್ಬೋದಾ ಸರ್?” ಅವರು ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು. “ಎಷ್ಟು ದಿನ ಅಂತ ಹೇಳಕ್ಕಾಗಲ್ಲಮ್ಮ.”

ಮರುದಿನ ನಮ್ಮವರು ಮಂಡಿಗೆ ಹೋದವರು ಮಧ್ಯಾಹ್ನವೇ ಬಂದು ಗೋಡೆಗೆ ಮುಖ ಮಾಡಿ ಮಲಗಿದರು. ನಾನು ಊಟಕ್ಕೆ ಎಬ್ಬಿಸಲಿಲ್ಲ.

ಅದೇ ವಾರ ಅವಳ ಜೊತೆ ನಾನೂ ತರೀಕೆರೆಗೆ ಹೋದೆ. ಕೇಂದ್ರದ ಯಜಮಾನರು ಒಳ್ಳೆಯವರು. “ಹಗಲಿನ ಬ್ಯಾಚ್ ಮಾತ್ರ ತಗೊಳ್ಳಿ ಮೇಡಂ,” ಎಂದರು.

“ಹಗಲಲ್ಲೂ ಪಕ್ಕದ ಸಾಲು ಇರುತ್ತಲ್ಲ ಸರ್. ಇನ್ನೊಬ್ರನ್ನ ಹಂಗೆ ಅಳ್ಸೋದು ಬೇಡ,” ಎಂದಳು ಮಗಳು. ಆ ಹುಡುಗಿಯನ್ನೊಮ್ಮೆ ಕರೆಸಿ ಎಂದು ಮಾತ್ರ ಕೇಳಿಕೊಂಡಳು.

ಹುಡುಗಿ ಅದೇ ಸಂಜೆ ಬಂದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಮುಖ ಗಂಟುಹಾಕಿಕೊಂಡು ಬಾಗಿಲ ಪಕ್ಕದಲ್ಲೇ ನಿಂತಿದ್ದಳು.

“ಇಲ್ಲಿ ಬಾರೇ, ಎದುರಿಗೆ ನಿಂತ್ಕೋ. ಹಾಂ, ಈಗ ಕಾಣ್ತೀಯ,” ಎಂದು ಮಗಳು ತನ್ನ ಕಣ್ಣಿನ ವಿಷಯ ಹೇಳಿದಳು. ಗಣಿತದ ಸೂತ್ರ ಬಿಡಿಸಿ ಹೇಳುವ ಹಾಗೆ, ಸಮಾಧಾನವಾಗಿ. ಹುಡುಗಿ ದುಪಟ್ಟಾದ ಅಂಚು ಬೆರಳಿಗೆ ಸುತ್ತುತ್ತಾ ಕೇಳಿಸಿಕೊಂಡಳು.

“ಮೊದ್ಲೇ ಹೇಳಿದ್ರೆ ಮುಂದಿನ್ ಬೆಂಚಿಗೇ ಬತ್ತಿದ್ನಲ್ಲ ಮಿಸ್,” ಅಂದಳು. “ನಾಳೆಯಿಂದ ಕ್ಲಾಸಿಗ್ ಬತ್ತೀನಿ. ನೀವೂ ಬತ್ತೀರಲ್ಲ?”

“ಹೊಸ ಮಿಸ್ ಬರ್ತಾರೆ. ಅವ್ರಿಗೂ ನೀನ್ ಕಾಣ್ದೆ ಹೋದ್ರೆ ಕೂಗಿ ಕರಿ,” ಎಂದು ಅವಳ ಜಡೆಯನ್ನು ಮುಂದಕ್ಕೆಳೆದು ಬಿಟ್ಟಳು.

ಕಡೂರಿನ ಬಸ್ಸು ಹತ್ತಿದೆವು. ಬೀರೂರು ಇನ್ನೂ ದೂರವಿತ್ತು. ಎದುರಿನ ಸೀಟಿನ ಹೆಂಗಸು ಮಡಿಲಲ್ಲಿ ಮಲ್ಲಿಗೆ ಹರಡಿಕೊಂಡು ಕಟ್ಟುತ್ತಿದ್ದಳು. ಅವಳ ಮೂಗುತಿ ಮಿನುಗುತ್ತಿತ್ತು.

“ಅಮ್ಮಾ, ಬಸ್ಸಲ್ಲಿ ಲೈಟ್ ಹಾಕಿದಾರಾ?”

ನಾನು ತಲೆಯ ಮೇಲೆ ಉರಿಯುತ್ತಿದ್ದ ದೀಪವನ್ನು ನೋಡಿದೆ.

“ಹಾಕಿದಾರೆ ಕಣೇ.”

“ಹೂಂ,” ಎಂದಳು. ಓಡಾಡುವವರಿಗೆ ತಾಗಬಾರದೆಂದು ಕಾಲುಗಳನ್ನು ಸೀಟಿನ ಒಳಕ್ಕೆ ಎಳೆದುಕೊಂಡಳು.